ಬಿಸಿಲ ಮಗ್ಗುಲು, ನೆರಳ ಮಗ್ಗುಲು

ಸ್ಪೇನ್ ದೇಶವೆಂದೊಡನೆ ಬಹುಮಂದಿಯ ಕಣ್ಣಿಗೆ ಕಟ್ಟುವುದು ಬಿಸಿಲು. ಬೇಸಗೆಯಲ್ಲಿ ಉತ್ತರ ಯೂರೋಪಿನ ಜನರು ಲಕ್ಷಗಟ್ಟಲೆಯಾಗಿ ಅಲ್ಲಿಯ ಕಡಲಂಚಿಗೆ ಬಂದು, ಮೈಕಾಯಿಸಿಕೊಂಡು, ಆ ದೇಶವನ್ನು ಕಂಡೆವೆಂಬ ತೃಪ್ತಿಯಿಂದ ಹಿಂದಿರುಗುವರು. ಆದರೆ ಸ್ಪೇನಿನ ಒಡಲಿರುವುದು ಕಡಲಂಚಿನಲ್ಲಲ್ಲ. ನಡುನಾಡೆಲ್ಲವೂ ಸಮುದ್ರಮಟ್ಟಕ್ಕಿಂತ 600-700 ಮೀಟರು ಎತ್ತರದಲ್ಲಿ ಹರಡಿದ ಬೋಳು ಪೀಠಭೂಮಿ. ಅದರ ಅಂಚುಗಳಲ್ಲಿಯೂ ನಡುವೆಯೂ ಹಿಮ ಹೊದೆಯುವ ಬೆಟ್ಟಸಾಲುಗಳು. ಕಾಸ್ತೀಲಿಯದ ರೈತರು ತಮ್ಮ ವರ್ಷವನ್ನು ‘ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ’ ಎಂದು ಎಣಿಸುವರು. ಇಂಥ ನಾಡಿನಲ್ಲಿ ಕ್ರಿಸ್‌ಮಸ್ಸಿನ ರಜೆಗೆ ಮೋಟಾರು ಸೈಕಲ್ಲೇರಿ ಸಂಚಾರ ಹೊರಡುವವನನ್ನು ಅವನ ಮನೆಯವರು ಹುಚ್ಚನೆಂದರೆ ಅವರ ಮೇಲೆ ತಪ್ಪು ಹೊರಿಸುವಂತಿಲ್ಲ.

ಆದರೂ ಹೊರಡುವವರು ಉಂಟು. ಇಂಗ್ಲೆಂಡಿನ ದಕ್ಷಿಣ ತೀರದ ಒಂದು ಊರಿನಲ್ಲಿ ಅಂಥವರಿಬ್ಬರಿದ್ದರು. ಒಬ್ಬನು ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಮತ್ತೊಬ್ಬನು ಹಡಗುಕಟ್ಟೆಯಲ್ಲಿ ಫಿಟ್ಟರ್ ಆಗಿದ್ದವನು. ಹನ್ನೊಂದು ಚಳಿಗಾಲ ಇವರಿಬ್ಬರೂ ಜೊತೆಯಾಗಿ ಸ್ಪೇನಿಗೆ ಹೋದರು. ಹೋಗಬೇಕಾದ ಊರನ್ನು ಗೊತ್ತುಮಾಡಿದವನು ಮೇಷ್ಟರು. ಸಿಯೆರಾ ನೆವಾಡ ಪರ್ವತದ ತೆಂಕಣ ಇಳಿಜಾರಿನಲ್ಲಿ ಯೆಹೆನ್ ಎಂಬ ಹಳ್ಳಿಯೊಂದಿದೆ. ಜೆರಾಲ್ಡ್ ಬ್ರೆನನ್ ಎಂಬ ಆಂಗ್ಲ ಲೇಖಕನು 1920ರಲ್ಲಿ ಗಂಟುಮೂಟೆಯಷ್ಟು ಪುಸ್ತಕಗಳೊಡನೆ ಅಲ್ಲಿ ಮನೆಮಾಡಿ, ಆ ಹಳ್ಳಿಯ ಬಾಳನ್ನು ಕುರಿತು ಮುಂದೆ 1957ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಆ ಗ್ರಂಥವನ್ನು ಮೇಷ್ಟರು ಓದಿದ್ದನು. ಫಿಟ್ಟರ್ ಓದಿರಲಿಲ್ಲ, ಓದುವ ಇಚ್ಛೆಯನ್ನೂ ತೋರಿಸಲಿಲ್ಲ. ಅವನು ಓದುತ್ತಿದ್ದುದು ದಾರಿಯನ್ನು. ಯಾವಾಗಲೂ ಮುಂದೆ ಹೋಗುತ್ತಿದ್ದವನು ಅವನೇ. ಮಧ್ಯಾಹ್ನ ಮೂರು-ಮೂರೂವರೆಯಾಗುತ್ತಲೇ ಎಡಗೈಯೆತ್ತಿ ಗಾಡಿ ನಿಲ್ಲಿಸಿ, “ಇವತ್ತಿಗೆ ಸಾಕು” ಎನ್ನುವನು. ಬೆಳಕು ಇನ್ನೂ ಇದೆ, ಮುಂದಿನ ಊರಿಗೆ ನಲವತ್ತೇ ಮೈಲಿ ಎಂದು ಮೇಷ್ಟರು ವಾದಿಸುವನು. ಹನ್ನೊಂದು ವರ್ಷವೂ ಈ ಜಗಳ ನಡೆಯಿತು. ಹನ್ನೊಂದು ವರ್ಷವೂ ಫಿಟ್ಟರನೇ ಗೆದ್ದನು.

ಹನ್ನೆರಡನೆಯ ವರ್ಷದ ವಸಂತದಲ್ಲಿ ಫಿಟ್ಟರ್ ತೀರಿಕೊಂಡನು. ದಾರಿಯ ಮೇಲಲ್ಲ; ಆಸ್ಪತ್ರೆಯ ಹಾಸಿಗೆಯಲ್ಲಿ, ಎಲ್ಲರೂ ಸಾಯುವಂತೆ. ಡಿಸೆಂಬರ್ ಬಂದಾಗ ಅವನ ಹೆಂಡತಿಯು ಅವನ ಚಳಿಗಾಲದ ಕೈಗವಸುಗಳನ್ನು ಒಂದು ಕಾಗದದಲ್ಲಿ ಸುತ್ತಿ ತಂದು ಮೇಷ್ಟರ ಮನೆಯ ಮೇಜಿನ ಮೇಲಿಟ್ಟು, ಚಹಾ ಕುಡಿದು, ಹವೆಯ ಮಾತನಾಡಿ ಹೋದಳು. ಮೇಷ್ಟರು ಹೊರಡುವುದೋ ಬಿಡುವುದೋ ಎಂದು ತೊಳಲುತ್ತಿದ್ದವನು ಮರುದಿನವೇ ಹಡಗಿನ ಟಿಕೆಟ್ಟು ಕೊಂಡನು.

ಪೋರ್ಟ್ಸ್‌ಮತ್ ಬಂದರಿನಿಂದ ಸಾಂತಾಂದೇರಿಗೆ ಬಿಸ್ಕೇ ಕೊಲ್ಲಿಯನ್ನು ದಾಟಲು ಒಂದು ಹಗಲಿರುಳಿಗಿಂತ ಹೆಚ್ಚು ಹಿಡಿಯುತ್ತದೆ. ಚಳಿಗಾಲದಲ್ಲಿ ಆ ಕೊಲ್ಲಿಯ ಅಲೆಗಳನ್ನು ಕುರಿತು ಬರೆಯದಿರುವುದೇ ಮೇಲು. ಸಾಂತಾಂದೇರಿನ ಬಂದರಿನಲ್ಲಿ ಹಡಗಿನ ಬಾಯಿ ತೆರೆದಾಗ ಬೆಳಗಿನ ಎಂಟು ದಾಟಿತ್ತು. ಹೊರಗೆ ಇನ್ನೂ ಕತ್ತಲೆ. ಇದಕ್ಕೊಂದು ಕಾರಣವಿದೆ. ಸ್ಪೇನಿನ ಬಹುಭಾಗವು ಗ್ರೀನಿಚ್ಚಿನ ರೇಖೆಗೆ ಪಡುವಲಲ್ಲಿದ್ದರೂ 1940ರಲ್ಲಿ ಫ್ರಾಂಕೋನ ಸರ್ಕಾರವು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಮಧ್ಯಯೂರೋಪಿನ ಕಾಲಕ್ಕೆ ಹೊಂದಿಸಿತು. ಅದನ್ನು ಮತ್ತೆ ಹಿಂದಕ್ಕೆ ತಿರುಗಿಸಿದವರಿಲ್ಲ. ಆದುದರಿಂದ ಡಿಸೆಂಬರಿನಲ್ಲಿ ಅಲ್ಲಿ ಸೂರ್ಯನು ಕಾಣಿಸಿಕೊಳ್ಳುವುದು ಎಂಟೂವರೆಯ ಮೇಲೆ, ನೆತ್ತಿಗೇರುವುದು ಒಂದು ಗಂಟೆ ಕಳೆದ ಮೇಲೆ. ರಾತ್ರಿ ಕಟ್ಟಿದ ಮಂಜುಗಡ್ಡೆಯು ದಾರಿಯಿಂದ ಬಿಡುವಷ್ಟರಲ್ಲಿ ಹನ್ನೊಂದಾಗುತ್ತದೆ. ಸಂಜೆ ಆರರೊಳಗೆ ಬೆಳಕು ಮುಗಿಯುತ್ತದೆ. ನಾಲ್ಕಕ್ಕೇ ಕಣಿವೆಗಳು ಮತ್ತೆ ಹೆಪ್ಪುಗಟ್ಟಲಾರಂಭಿಸುತ್ತವೆ. ಸವಾರನಿಗೆ ಸಿಕ್ಕುವ ಒಳ್ಳೆಯ ಹೊತ್ತು ದಿನಕ್ಕೆ ಐದು ಗಂಟೆ. ಇದನ್ನು ಮೇಷ್ಟರು ಮಕ್ಕಳಿಗೆ ಕಲಿಸಬಲ್ಲವನಾಗಿದ್ದನು. ಇದರಂತೆ ನಡೆಯಬಲ್ಲವನು ಫಿಟ್ಟರ್ ಆಗಿದ್ದನು.

ಮೊದಲ ದಿನ ಎಸ್ಕೂದೋ ಘಟ್ಟವನ್ನೇರಿ ಬೂರ್ಗೋಸಿನ ಕಡೆಗೆ. ಘಟ್ಟದ ನೆತ್ತಿ 1,011 ಮೀಟರು. ಕೆಳಗೆ ಹಸುರು ಹುಲ್ಲೂ ತುಂತುರು ಮಳೆಯೂ. ಮೇಲೆ ಮಳೆಯಿಲ್ಲ, ಹುಲ್ಲಿಲ್ಲ, ಮರವಿಲ್ಲ, ಗಾಳಿಯೊಂದೇ. ನಾಲ್ಕು ಡಿಗ್ರಿಯ ಗಾಳಿಯು ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಮೈಗೆ ಬಡಿದರೆ ಚರ್ಮಕ್ಕೆ ಅದು ಸೊನ್ನೆಯಿಂದ ನಾಲ್ಕು ಡಿಗ್ರಿ ಕೆಳಗಿನ ಚಳಿಯಾಗಿ ತೋರುತ್ತದೆ. ಹಳೆಯ ಸವಾರರು ಎದೆಯ ಮೇಲೆ, ಅಂಗಿಯೊಳಗೆ, ದಿನಪತ್ರಿಕೆಯನ್ನು ಮಡಿಸಿಟ್ಟುಕೊಳ್ಳುವರು. ಎಷ್ಟೇ ಬೆಲೆಯ ಉಡುಪು ಬಂದಿದ್ದರೂ ಆ ಉಪಾಯವನ್ನು ಮೀರಿಸಿದುದು ಕಡಮೆ. ಮೇಷ್ಟರ ವಾಹನವು ಬಿ.ಎಂ.ಡಬ್ಲ್ಯು. ಮಾದರಿಯದು, ಅದರ ಎರಡು ಸಿಲಿಂಡರುಗಳು ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡು ಸವಾರನ ಪಾದಗಳಿಗೆ ಬೆಚ್ಚನೆಯ ಒಲೆಗಳಂತಿರುತ್ತವೆ. ನಿಂತಾಗಲೆಲ್ಲ ಬಗ್ಗಿ ಅವುಗಳ ಮೇಲೆ ಕೈಯಿಡುವುದು ಫಿಟ್ಟರನ ರೂಢಿಯಾಗಿತ್ತು. ಈಗ ಅವನ ಕೈಗವಸುಗಳು ಅದೇ ಕೆಲಸವನ್ನು ಬೇರೆಯವನ ಕೈಗಳ ಮೇಲೆ ಮಾಡುತ್ತಿದ್ದವು.

ಮರುದಿನ, 22ನೆಯ ತಾರೀಖು, ಬೂರ್ಗೋಸಿನ ಒಂದು ಕಾಫಿಯಂಗಡಿಯಲ್ಲಿ ಜನವೆಲ್ಲ ಟೆಲಿವಿಷನ್ನಿನ ಕಡೆಗೆ ಕತ್ತೆತ್ತಿ ಕುಳಿತಿತ್ತು. ಅಂದು ಕ್ರಿಸ್‌ಮಸ್ ಲಾಟರಿ. 1812ರಿಂದ ನಡೆದುಬಂದಿರುವ ಈ ಲಾಟರಿಯ ಅಂಕಿಗಳನ್ನು ಮಾಡ್ರಿಡಿನ ಸಾನ್ ಇಲ್ದೆಫೋನ್ಸೊ ಶಾಲೆಯ ಮಕ್ಕಳು ರಾಗವಾಗಿ ಹಾಡುವರು; ಗಂಟೆಗಟ್ಟಲೆ ಅದೊಂದೇ ರಾಗ. ಹಣ ಗೆಲ್ಲುವ ಆಸೆಯು ಸಂಧ್ಯಾವಂದನೆಯ ಧಾಟಿಯಲ್ಲಿ ಕೇಳಿಬರುವುದು ಸ್ಪೇನಿನಲ್ಲಿ ಮಾತ್ರವೇ ಇರಬೇಕು. ಹಿಂದೆ ಇಬ್ಬರೂ ಸೇರಿ ಒಂದು ಚೀಟಿ ಕೊಳ್ಳುತ್ತಿದ್ದರು. ಈ ಸಲ ಮೇಷ್ಟರು ಕೊಳ್ಳಲಿಲ್ಲ.

ಅಂದು ಸೆಗೋವಿಯ ತಲುಪಿ ತಂಗಿದ್ದು, 23ರ ಮಧ್ಯಾಹ್ನ ಗ್ವಾದರ್ರಾಮ ಬೆಟ್ಟಸಾಲನ್ನು ಸಿಂಹದ ಘಟ್ಟದಲ್ಲಿ ದಾಟಿದನು. ಘಟ್ಟದ ಮೇಲೆ ಕಲ್ಲಿನ ಸಿಂಹವೊಂದು 1749ರಿಂದ ಕುಳಿತಿದೆ. 1808ರ ಡಿಸೆಂಬರಿನ ಕೊನೆಯಲ್ಲಿ, ಇದೇ ದಿನಗಳಲ್ಲಿ, ನೆಪೋಲಿಯನ್ ಇಂಗ್ಲಿಷರ ಸೇನೆಯನ್ನು ಅಟ್ಟಿಕೊಂಡು ಮಾಡ್ರಿಡಿನಿಂದ ಹೊರಟು ಈ ಘಟ್ಟದಲ್ಲಿ ಹಿಮದ ಬಿರುಗಾಳಿಗೆ ಸಿಕ್ಕಿದನು. ಕುದುರೆಗಳು ಮಂಜಿನ ಮೇಲೆ ಜಾರುತ್ತಿದ್ದವು. ರಾವುತರು ಇಳಿದು ಲಗಾಮು ಹಿಡಿದು ನಡೆದರು. ಯೂರೋಪನ್ನೇ ಗೆದ್ದವನೂ ಕುದುರೆಯಿಂದಿಳಿದು ನಡೆದನು. ಈ ಕಥೆಯನ್ನು ಮೇಷ್ಟರು ಪ್ರತಿವರ್ಷವೂ ಇಲ್ಲಿ ಹೇಳುತ್ತಿದ್ದನು. ಫಿಟ್ಟರ್ ಪ್ರತಿವರ್ಷವೂ, “ಇಳಿಯುವುದನ್ನು ಬಲ್ಲವನು” ಎಂದಷ್ಟೇ ನುಡಿದು ಗಾಡಿಯನ್ನು ಹೊರಡಿಸುತ್ತಿದ್ದನು.

ಇಳಿಯುವುದು! ಸ್ಪ್ಯಾನಿಷರು ಬೆಟ್ಟದ ಎರಡು ಮಗ್ಗುಲುಗಳಿಗೆ ಎರಡು ಹೆಸರಿಟ್ಟಿದ್ದಾರೆ: ಬಿಸಿಲು ಬೀಳುವ ತೆಂಕಣ ಮಗ್ಗುಲು ‘ಸೊಲಾನ’, ನೆರಳು ನಿಂತ ಬಡಗಣ ಮಗ್ಗುಲು ‘ಉಂಬ್ರಿಯ’. ಒಂದೇ ಬೆಟ್ಟ, ಒಂದೇ ದಿನ; ಅತ್ತ ಬಾದಾಮಿಯ ಮರ, ಇತ್ತ ಪೈನ್ ಮರ; ಅತ್ತ ದಾರಿ ಒಣಗಿ ಬೆಳ್ಳಗಿದ್ದರೆ ಇತ್ತ ದಾರಿ ಮೂರು ದಿನದಿಂದ ಕಪ್ಪಾಗಿ ಹೊಳೆಯುತ್ತಿರುತ್ತದೆ. ಒದ್ದೆಯಂತೆ ಕಾಣುವ ಆ ಹೊಳಪು ಒದ್ದೆಯೋ ಗಾಜಿನಂಥ ಮಂಜೋ ಎಂಬುದನ್ನು ಕಣ್ಣು ಹೇಳಲಾರದು. ನಾಲ್ಕು ಗಾಲಿಯವರಿಗೆ ಇದು ಎಚ್ಚರಿಕೆಯ ಮಾತು. ಎರಡು ಗಾಲಿಯವರಿಗೆ ಸಾವುಬದುಕಿನ ಮಾತು.

24ರ ಬೆಳಗ್ಗೆ ಗ್ವಾದಲ್ಕಿವಿರ್ ನದಿಯ ಕಣಿವೆಯಲ್ಲಿ ಕಾವಳ ಕವಿದಿತ್ತು. ಆರು ಕೋಟಿಗೂ ಮಿಕ್ಕಿದ ಆಲಿವ್ ಮರಗಳ ಹಾಯೆನ್ ಪ್ರಾಂತ ಅದು, ಕೊಯ್ಲಿನ ಕಾಲ. ಮರದ ಕೆಳಗೆ ಬಲೆ ಹಾಸಿ ಉದ್ದನೆಯ ಕೋಲಿನಿಂದ ಕಾಯಿ ಬಡಿಯುವರು. ಕಾಯಿ ಹೊತ್ತ ಟ್ರ್ಯಾಕ್ಟರುಗಳು ಹೊಲದ ಕೆಸರನ್ನು ದಾರಿಗೆ ತಂದು ಮೆತ್ತುವುವು. ಕಾವಳದಲ್ಲಿ, ಕೆಸರಿನಲ್ಲಿ, ಹೊತ್ತು ಹೋಯಿತು. ಗ್ವಾದಿಷ್ ಊರನ್ನು ದಾಟಿ ಲಾ ಕಲಹೋರ್ರಕ್ಕೆ ಬಂದಾಗ ಮೂರೂಮುಕ್ಕಾಲು. ಬೋಳುಗುಡ್ಡದ ಮೇಲೆ ನಾಲ್ಕು ದುಂಡುಬುರುಜುಗಳ ಕೋಟೆ. ಅದರ ಹಿಂದೆ ಆಕಾಶದ ಅರ್ಧವನ್ನು ತುಂಬಿದ ಸಿಯೆರಾ ನೆವಾಡದ ಬಿಳುಪು. ಊರು 1,200 ಮೀಟರು ಎತ್ತರದಲ್ಲಿದೆ. ಅಲ್ಲಿಂದ ಹೊರಡುವ ದಾರಿಯು ಪರ್ವತದ ಬಡಗಣ ಮಗ್ಗುಲನ್ನೇರಿ, 2,000 ಮೀಟರು ಎತ್ತರದ ರಾಗ್ವಾ ಘಟ್ಟವನ್ನು ಹಾದು, ಆಚೆಯ ಬಿಸಿಲ ಮಗ್ಗುಲಿನಲ್ಲಿ ಯೆಹೆನ್ ಕಡೆಗಿಳಿಯುತ್ತದೆ. ಘಟ್ಟವನ್ನು ಬಿಟ್ಟರೆ ಅಲ್ಮೇರಿಯದ ಕಡೆಯಿಂದ ನೂರು ಕಿಲೋಮೀಟರಿಗೂ ಮಿಕ್ಕ ಸುತ್ತು; ಅಂದರೆ ಮರುದಿನದ ಮಾತು. ಹನ್ನೊಂದು ವರ್ಷವೂ ಇಬ್ಬರೂ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿಯನ್ನು ಯೆಹೆನ್ನಿನಲ್ಲಿಯೇ ಕಳೆದಿದ್ದರು. ಹನ್ನೆರಡನೆಯದನ್ನೂ ಅಲ್ಲಿಯೇ ಕಳೆಯುವೆನೆಂದು ಮೇಷ್ಟರು ಯಾರಿಗೂ ಮಾತು ಕೊಟ್ಟಿರಲಿಲ್ಲ. ಯಾರಿಗೂ ಕೊಡದ ಮಾತೇ ಹೆಚ್ಚು ಬಿಗಿಯಾದದ್ದು.

ಘಟ್ಟದ ಬುಡದ ಫಲಕವು ದಾರಿ ತೆರೆದಿದೆಯೆಂದು ತೋರಿಸುತ್ತಿತ್ತು. ಮೇಷ್ಟರು ಹತ್ತಿದನು.

ಮೊದಲ ತಿರುವುಗಳು ಒಣಗಿದ್ದವು. ಪೈನ್ ತೋಪು ಆರಂಭವಾದಲ್ಲಿ ಬಿಸಿಲು ನಿಂತಿತು. ಎಡಕ್ಕೆ ಹೊರಳುವ ಒಂದು ತಿರುವಿನಲ್ಲಿ ದಾರಿ ಕಪ್ಪಾಗಿ ಹೊಳೆದುದನ್ನು ಕಂಡನು, ವೇಗವನ್ನು ತಗ್ಗಿಸಿದ್ದನು, ಬ್ರೇಕನ್ನು ಮುಟ್ಟಲೂ ಇಲ್ಲ. ಆದರೂ ಹಿಂದಿನ ಗಾಲಿಯು ಸದ್ದಿಲ್ಲದೆ ಪಕ್ಕಕ್ಕೆ ಸರಿಯಿತು. ಕಾಲೂರಿದನು, ಊರಿದ ಕಾಲೂ ಜಾರಿತು. ವಾಹನವು ಮುದಿಯೆತ್ತು ಮಲಗುವಂತೆ ನಿಧಾನವಾಗಿ ಮಲಗಿತು. ಪೆಟ್ಟೇನೂ ಆಗಲಿಲ್ಲ. ಯಂತ್ರವನ್ನು ನಿಲ್ಲಿಸಿದ ಮೇಲೆ ಉಂಟಾದ ನಿಶ್ಶಬ್ದವೇ ಮೊದಲ ಪೆಟ್ಟು.

ಇನ್ನೂರು ಕಿಲೋಗ್ರಾಮಿಗೂ ಮೇಲಾದ ಕಬ್ಬಿಣ. ಅರುವತ್ತೆಂಟು ವರ್ಷದ ಬೆನ್ನು. ಕಾಲ ಕೆಳಗೆ ಮಂಜು. ಬೇರೆ ದಿನವಾಗಿದ್ದರೆ ಅರ್ಧಗಂಟೆಗೊಂದಾದರೂ ಕಾರು ಹಾಯುತ್ತಿತ್ತು. ಅಂದು ಇಡೀ ಸ್ಪೇನು ಮನೆ ಸೇರಿತ್ತು. ಸ್ಪ್ಯಾನಿಷರಿಗೆ ವರ್ಷದಲ್ಲೆಲ್ಲ ಮನೆಯಿಂದ ಹೊರಗಿರಬಾರದ ರಾತ್ರಿಯೊಂದಿದ್ದರೆ ಅದು ಈ ರಾತ್ರಿ. ಮೇಷ್ಟರು ಎರಡು ಸಲ ಹ್ಯಾಂಡಲು ಹಿಡಿದು ಎತ್ತಲು ಯತ್ನಿಸಿ ಎರಡು ಸಲವೂ ಮೊಣಕಾಲೂರಿದನು. ಬೆವರು ಬಂದಿತು, ಬೆವರು ತಣ್ಣಗಾಯಿತು, ಇದರ ಅರ್ಥವೇನೆಂಬುದು ಅವನಿಗೆ ತಿಳಿದಿತ್ತು. ಕಣಿವೆಯಾಚೆಯ ಹಿಮದ ಮೇಲೆ ಬೆಳಕು ಕೆಂಪಾಗುತ್ತಿತ್ತು. ಅಲ್ಲಿ ನಿಂತು ಅವನು ತಾನು ಬೆಟ್ಟ ಹತ್ತುವಾಗ ಏನನ್ನು ಕಾಯುತ್ತಿದ್ದೆನೆಂಬುದನ್ನು ಕಂಡುಕೊಂಡನು. ಮುಂದಿನ ಗಾಡಿಯ ಎಡಗೈ ಮೇಲೇಳುವುದನ್ನು ಕಾಯುತ್ತಿದ್ದನು. ಹನ್ನೊಂದು ವರ್ಷ ವಾದಿಸುವುದು ಅವನಿಗೆ ಸುಲಭವಾಗಿದ್ದುದು ಗೆಲ್ಲುವ ಭಯವಿಲ್ಲದ್ದರಿಂದಲೇ.

ಆಮೇಲೆ ಮಾಡಿದುದೆಲ್ಲ ಫಿಟ್ಟರನ ಕೆಲಸ. ದಾರಿಯಂಚಿನ ಜಲ್ಲಿಯನ್ನೂ ಪೈನಿನ ಒಣಗಿದ ಸೂಜಿಯೆಲೆಗಳನ್ನೂ ಗೋರಿ ತಂದು ಕಾಲಿಡುವಲ್ಲಿ ಚೆಲ್ಲಿದನು. ಗೇರಿಗೆ ಹಾಕಿ ಗಾಲಿ ಉರುಳದಂತೆ ಮಾಡಿದನು. ಬಳಿಕ ವಾಹನಕ್ಕೆ ಬೆನ್ನುಕೊಟ್ಟು ಕುಳಿತು, ಪೃಷ್ಠವನ್ನು ಆಸನಕ್ಕೊತ್ತಿ, ಒಂದು ಕೈಯಲ್ಲಿ ಹ್ಯಾಂಡಲು, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದು, ತೋಳಿನಿಂದಲ್ಲದೆ ತೊಡೆಯಿಂದ ಎತ್ತುತ್ತ ಹಿಂದಕ್ಕೆ ಹೆಜ್ಜೆಯಿಟ್ಟನು. ಮೂರನೆಯ ಸಲ ಅದು ಎದ್ದಿತು. ಘಟ್ಟದ ಮೇಲ್ಗಡೆಗೆ ಒಮ್ಮೆಯಾದರೂ ನೋಡಿದನೋ ಇಲ್ಲವೋ! ಗಾಡಿಯನ್ನು ಹೊರಳಿಸಿ, ಜಲ್ಲಿಯ ಅಂಚಿನಲ್ಲಿ ಗಾಲಿ ಹೊಂದಿಸಿ, ಪಕ್ಕದಲ್ಲಿ ನಡೆದು, ನೆರಳು ಮುಗಿಯುವವರೆಗೆ ಇಳಿಸಿಕೊಂಡು ಬಂದನು.

ಊರಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ಕೊನೆಗೊಂದು ಪಾನೀಯದಂಗಡಿಯಲ್ಲಿ ದೀಪವಿತ್ತು. ನಡುವಯಸ್ಸಿನ ಹೆಂಗಸೊಬ್ಬಳು ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕುತ್ತಿದ್ದಳು. ಇಂದು ಕೋಣೆ ಸಿಕ್ಕುವುದೇ ಎಂದು ಕೇಳಿದನು. ಈ ರಾತ್ರಿಯಲ್ಲಿ ತಂಗಲು ಸ್ಥಳವಿಲ್ಲವೆಂಬ ಮಾತಿಗೆ ಕ್ರೈಸ್ತರ ನಾಡಿನಲ್ಲಿ ಒಂದು ವಿಶೇಷವಾದ ಭಾರವಿದೆ. ಇಬ್ಬರಿಗೂ ಅದು ಹೊಳೆದಿರಬೇಕು, ಇಬ್ಬರೂ ಅದನ್ನು ಆಡಲಿಲ್ಲ. ಅವಳು ಅವನ ಮೊಣಕಾಲಿನ ಕೊಳೆಯನ್ನು ನೋಡಿದಳು. “ರಾಗ್ವಾ?” ಎಂದಳು. ಅವನು ಹೌದೆಂದನು. “ಈ ಹೊತ್ತಿನಲ್ಲಿಯೇ, ಅಯ್ಯಾ?” ಎಂದು ಅವಳು ಅಂದುದು ಬೈಗುಳವೂ ಅಲ್ಲ, ಕನಿಕರವೂ ಅಲ್ಲ. ಅಂಗಡಿಯ ಮೇಲೆ ಅವಳ ಮಗನ ಕೋಣೆಯಿತ್ತು; ಮಗನು ಬಾರ್ಸೆಲೋನದಲ್ಲಿ ದುಡಿಯುತ್ತಿದ್ದು ಈ ವರ್ಷ ಬಂದಿರಲಿಲ್ಲ. ಅವಳ ಮುದಿತಾಯಿ ದುಂಡುಮೇಜಿನ ಮುಂದೆ ಕುಳಿತಿದ್ದಳು. ಅಲ್ಲಿಯವರ ಮೇಜಿಗೆ ನೆಲಮುಟ್ಟುವ ದಪ್ಪ ಬಟ್ಟೆ; ಅದರ ಕೆಳಗೆ ಅಗ್ಗಿಷ್ಟಿಕೆ; ಬಟ್ಟೆಯನ್ನು ಮಡಿಲಿನ ಮೇಲೆಳೆದುಕೊಂಡರೆ ಸೊಂಟದಿಂದ ಕೆಳಗೆ ಬೇಸಗೆ. ಒಂಬತ್ತು ಗಂಟೆಗೆ ಟೆಲಿವಿಷನ್ನಿನಲ್ಲಿ ಅರಸನು ಪ್ರಜೆಗಳಿಗೆ ವರ್ಷದ ಸಂದೇಶವನ್ನು ಓದಿದನು, ಯಾರೂ ಕೇಳಲಿಲ್ಲ. ಬೆಳ್ಳುಳ್ಳಿಯ ಸಾರು, ಹುರಿದ ಮಾಂಸ, ಕೊನೆಗೆ ಬಾಯಲ್ಲಿಟ್ಟೊಡನೆ ಹಿಟ್ಟಾಗುವ ಬಾದಾಮಿಯ ಸಿಹಿ. ಮುದುಕಿಯು ಕೈಗವಸುಗಳನ್ನು ಅಗ್ಗಿಷ್ಟಿಕೆಯ ಬಳಿ ಒಣಗಲಿಟ್ಟು, ಅವು ಅವನ ಕೈಗೆ ದೊಡ್ಡವೆಂದಳು. ಅವು ಗೆಳೆಯನವು ಎಂದು ಅವನು ತನ್ನ ಹರಕು ಸ್ಪ್ಯಾನಿಷಿನಲ್ಲಿ ಹೇಳಿದನು. ಯಾವ ಕಾಲವಾಚಕವನ್ನು ಬಳಸಿದನೋ, ಅವಳು ಮುಂದೆ ಕೇಳಲಿಲ್ಲ.

ಮರುದಿನ ಹನ್ನೊಂದಕ್ಕೆ ಹೊರಟು, ಅಲ್ಮೇರಿಯದ ಕಡೆಗಿಳಿದನು. ಇಳಿದಂತೆಲ್ಲ ಚಳಿಯೂ ಇಳಿಯಿತು. ತಾಬೆರ್ನಾಸ್ ಮರುಭೂಮಿಯ ಬಳಿ ಎದೆಯ ಮೇಲಿನ ಪತ್ರಿಕೆಯನ್ನು ತೆಗೆದನು. ಅಂದರಾಷ್ ನದಿಯ ಕಣಿವೆಯನ್ನೇರಿ ಪಡುವಲಿಗೆ ತಿರುಗಿದರೆ ಒಹಾನೆಸ್ ದ್ರಾಕ್ಷಿಯ ನಾಡು. ಹಿಂದಿನ ಕಾಲದಲ್ಲಿ ಅಲ್ಲಿಯ ದ್ರಾಕ್ಷಿಯನ್ನು ಬೆಂಡಿನ ಪುಡಿಯಲ್ಲಿ ಹುದುಗಿಸಿ, ಪೀಪಾಯಿಗಳಲ್ಲಿ ತುಂಬಿ, ಇಂಗ್ಲೆಂಡಿನ ಕ್ರಿಸ್‌ಮಸ್ಸಿಗೆ ಹಡಗಿನಲ್ಲಿ ಕಳುಹಿಸುತ್ತಿದ್ದರು. ಮೂರು ಗಂಟೆಗೆ ಯೆಹೆನ್. ಬಿಸಿಲ ಮಗ್ಗುಲು, ಸುಣ್ಣ ಬಳಿದ ಗೋಡೆಗಳು, ಒಂದು ಗೋಡೆಗೊರಗಿ ನಾಲ್ವರು ಮುದುಕರು ಬಿಸಿಲು ಕಾಯಿಸುತ್ತಿದ್ದರು. ಅವರಲ್ಲೊಬ್ಬನು ಗುರುತು ಹಿಡಿದು, ಎರಡು ಬೆರಳೆತ್ತಿ, ಮತ್ತೊಬ್ಬನೆಲ್ಲಿ ಎಂಬಂತೆ ಹುಬ್ಬೇರಿಸಿದನು. ಮೇಷ್ಟರು ತಲೆಯಾಡಿಸಿದನು. ಮುದುಕನು ಟೋಪಿಯನ್ನು ತೆಗೆದು ಮತ್ತೆ ಹಾಕಿಕೊಂಡನು.

ಆಮೇಲಿನ ಎರಡು ವಾರಗಳಲ್ಲಿ ಹೇಳತಕ್ಕದ್ದು ಹೆಚ್ಚಿಲ್ಲ. ವರ್ಷದ ಕೊನೆಯ ರಾತ್ರಿ ಗಡಿಯಾರದ ಹನ್ನೆರಡು ಹೊಡೆತಗಳಿಗೆ ಹನ್ನೆರಡು ದ್ರಾಕ್ಷಿಗಳನ್ನು ನುಂಗುವ ಅಲ್ಲಿಯ ಸಂಪ್ರದಾಯದಲ್ಲಿ ಅವನು ಏಳಕ್ಕೇ ಹಿಂದೆ ಬಿದ್ದನು. ಜನವರಿ 5ರ ಸಂಜೆ ಕಾಸೆರೆಸ್ ಪಟ್ಟಣದಲ್ಲಿ ಮೂವರು ಜ್ಞಾನಿರಾಜರ ಮೆರವಣಿಗೆಗಾಗಿ ದಾರಿಗಳನ್ನೆಲ್ಲ ಕಟ್ಟಿದ್ದರು. ಮಿಠಾಯಿಯ ಮಳೆಯಲ್ಲಿ ಒಂದು ಅವನ ಶಿರಸ್ತ್ರಾಣಕ್ಕೆ ಬಡಿಯಿತು. ದಿನವೂ ಮೂರೂವರೆಗೆ ನಿಂತನು. ನಿಲ್ಲುವಾಗ ಎಡಗೈಯೆತ್ತುವುದನ್ನು ರೂಢಿಮಾಡಿಕೊಂಡನು. ಹಿಂದೆ ಯಾರೂ ಇರಲಿಲ್ಲವೆಂಬುದು ಬೇರೆ ಮಾತು.

ಹಿಂದಿರುಗುವ ದಾರಿಯಲ್ಲಿ ಸಾಲಮಾಂಕ, ಸಮೋರ. ಹದಿಮೂರು ಸಲ ವಿಶ್ವವಿಜೇತನಾದರೂ ಅಪಶಕುನಕ್ಕೆ ಹೆದರಿ ‘ಹನ್ನೆರಡು ಮತ್ತೊಂದು’ ಎಂದೇ ಎಣಿಸುತ್ತಿದ್ದ ಆಂಹೆಲ್ ನಿಯೇತೋ 1947ರಲ್ಲಿ ಹುಟ್ಟಿದುದು ಈ ಸಮೋರದಲ್ಲಿ. ಅಲ್ಲಿಂದ ಮುಂದೆ ದಾರಿಯಲ್ಲಿ ಮೋಟಾರು ಸೈಕಲ್ಲುಗಳು ಒಂದೊಂದಾಗಿ ಸೇರಿಕೊಂಡವು. ಎದುರಾದ ಸವಾರರೆಲ್ಲರೂ ಎಡಗೈಯ ಎರಡು ಬೆರಳುಗಳನ್ನು ಚಾಚಿ ವಂದಿಸುವುದು ಆ ದೇಶದ ಪದ್ಧತಿ. ವಾಯದೊಲಿದ್ ನಗರದ ಬಳಿ 1982ರಲ್ಲಿ ಆರಂಭವಾದ ‘ಪಿಂಗ್ವಿನೋಸ್’ ಎಂಬ ಜಾತ್ರೆಗೆ ಅವರೆಲ್ಲ ಹೊರಟಿದ್ದರು, ಎಂದರೆ ‘ಪೆಂಗ್ವಿನ್ನುಗಳು’. ನಡುವೆ ತಪ್ಪಿದ ವರ್ಷಗಳೂ ಉಂಟು. ಉಳಿದಂತೆ ಜನವರಿಯ ಕೊರೆಯುವ ಚಳಿಯಲ್ಲಿ, ಬೇರೆ ಹಂಗಾಮೇ ಇಲ್ಲವೆಂಬಂತೆ, ಸಾವಿರಾರು ಸವಾರರು ಇಲ್ಲಿ ನೆರೆದು, ಡೇರೆ ಹಾಕಿ, ಸೌದೆ ಉರಿಸಿ ಸುತ್ತ ಕುಳಿತುಕೊಳ್ಳುವರು. ಫಿಟ್ಟರಿಗೆ ಇದು ಬಲು ಇಷ್ಟ. ಮೇಷ್ಟರಿಗೆ ಗದ್ದಲವೆಂದು ಬೇಸರ. ಹನ್ನೊಂದು ವರ್ಷದಲ್ಲಿ ಎರಡೇ ಸಲ ಒಪ್ಪಿದ್ದನು.

ಜಾತ್ರೆಯ ಒಂದು ರಾತ್ರಿ ತೀರಿಹೋದ ಸವಾರರ ನೆನಪಿಗೆ ಪಂಜಿನ ಮೆರವಣಿಗೆ ನಡೆಯುತ್ತದೆ. ಅಷ್ಟು ಹೊತ್ತಿನ ಗದ್ದಲವು ಅಲ್ಲಿ ಅಡಗುತ್ತದೆ. ಮೇಷ್ಟರು ಗುಂಪಿನ ಅಂಚಿನಲ್ಲಿ ನಿಂತನು. ಪಂಜು ಹಿಡಿದವರಲ್ಲಿ ಹೆಚ್ಚಿನವರು ದಾರಿಯ ಮೇಲೆ ಅಣ್ಣನನ್ನೋ ಮಗನನ್ನೋ ಕಳೆದುಕೊಂಡವರೆಂದು ಅವನು ಭಾವಿಸಿದನು. ಹಾಸಿಗೆಯಲ್ಲಿ ಸತ್ತವನ ಹೆಸರಿನಲ್ಲಿ ಇದನ್ನು ಹಿಡಿಯುವುದು ಸರಿಯೇ ಎಂಬ ಸಂಕೋಚ ಅವನನ್ನು ಕಟ್ಟಿತು. ಫಿಟ್ಟರ್ ದಾರಿಯಲ್ಲಿ ಸಾಯಲಿಲ್ಲ. ಸಾಯದಂತೆ ನಲವತ್ತು ವರ್ಷ ಎಚ್ಚರವಹಿಸಿದನು. ತನ್ನೊಡನೆ ಇನ್ನೊಬ್ಬನನ್ನೂ ಸಾಯಗೊಡಲಿಲ್ಲ. ಅಷ್ಟರಲ್ಲಿ ಹುಡುಗನೊಬ್ಬನು, ಇಪ್ಪತ್ತು ತುಂಬಿರಲಾರದು, ಕಂಕುಳಲ್ಲಿದ್ದ ಪಂಜುಗಳಲ್ಲಿ ಒಂದನ್ನು ತೆಗೆದು ತನ್ನದರಿಂದ ಹೊತ್ತಿಸಿ ಅವನ ಕೈಗಿತ್ತು, ಏನನ್ನೂ ಕೇಳದೆ ಮುಂದೆ ಹೋದನು. ಮೇಣವು ಕರಗಿ ಕೈಗವಸಿನ ಹೆಬ್ಬೆರಳಿನ ಮೇಲೆ ಹನಿದು ಬೆಳ್ಳಗೆ ಗಟ್ಟಿಯಾಯಿತು. ಅದನ್ನು ಅವನು ಒರೆಸಲಿಲ್ಲ.

ಮರುದಿನ ಬೆಳಗ್ಗೆ ದುವೇರೋ ನದಿಯ ಬಯಲಿನಲ್ಲೆಲ್ಲ ಕಾವಳ. ಪಕ್ಕದ ಡೇರೆಯ ಇಬ್ಬರು ತರುಣರು ಒಂಬತ್ತಕ್ಕೇ ಸಾಮಾನು ಕಟ್ಟಿ ಹೊರಟು ನಿಂತಿದ್ದರು. ಮೇಷ್ಟರು ಅವರನ್ನು ಕರೆದು, ಬೆಂಕಿಯ ಮೇಲೆ ಕಾಫಿಯಿದೆ, ಹನ್ನೊಂದಕ್ಕೆ ಮುಂಚೆ ದಾರಿ ಬಿಡುವುದಿಲ್ಲ, ಕುಳಿತುಕೊಳ್ಳಿರೆಂದನು. ಅವರು ಸ್ವಲ್ಪ ವಾದಿಸಿ, ಕುಳಿತುಕೊಂಡರು.